ಮಾರ್ಫಿನ್ ಮಾತ್ರೆ

ಸಾವಿನ ಹೊಸ್ತಿಲಲ್ಲಿರುವ ಕ್ಯಾನ್ಸರ್ ರೋಗಿಯ ತೀವ್ರ ನೋವಿಗೆ ಮಾರ್ಫಿನ್ ಮಾತ್ರೆಯಷ್ಟು ನೆಚ್ಚಬಹುದಾದ ಅಗ್ಗದ ಔಷಧಿ ಅಪರೂಪ. ಅಫೀಮಿನಿಂದ ತೆಗೆಯುವ ಇದು ಮಿದುಳು, ಬೆನ್ನುಹುರಿಗಳಲ್ಲಿ ನೋವಿನ ಸಂದೇಶವನ್ನು ತಡೆಯುತ್ತದೆ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಮಾತ್ರ. ಹಾಗಾಗಿ ನೋವು ಮರಳುವವರೆಗೆ ಕಾಯದೆ ಗಡಿಯಾರ ನೋಡಿ ಕೊಡಬೇಕು. ಇದರ ಹೆಚ್ಚುಗಾರಿಕೆಯೆಲ್ಲ ಅಳತೆಯಲ್ಲಿದೆ: ಸಣ್ಣ ಪ್ರಮಾಣದಿಂದ ಆರಂಭಿಸಿ, ನೋವು ಹಿಡಿತಕ್ಕೆ ಬರುವವರೆಗೆ ಹಂತಹಂತವಾಗಿ ಏರಿಸುತ್ತಾರೆ. ಮಲಬದ್ಧತೆ ಬಹುತೇಕ ಖಚಿತ. ಅದಕ್ಕೂ ಮದ್ದು ಬರೆಯದ ಚೀಟಿ ಅರೆಬರೆಯದು. ಸರಿಯಾದ ಅಳತೆಯಲ್ಲಿ ಕೊಟ್ಟರೆ ಆಯಸ್ಸು ಕುಗ್ಗುತ್ತದೆಂಬ ಭಯ ಬೇಡ.

1985ರ ಮಾದಕ ವಸ್ತು ಕಾಯ್ದೆಗೆ ಅಂಜಿ ಅನೇಕ ಆಸ್ಪತ್ರೆಗಳು ಇದನ್ನು ದೂರವಿಟ್ಟವು. 2014ರ ತಿದ್ದುಪಡಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸರಾಗ ಮಾಡಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿರುವುದು ದೊಡ್ಡ ಕೆಲಸ. ಆದರೆ ಆಂಧ್ರಪ್ರದೇಶದ ಊರುಗಳಾದ ಹಿಂದೂಪುರಕ್ಕೆ ಬೆಂಗಳೂರು ಸುಮಾರು 100 ಕಿ.ಮೀ. ದೂರ, ಕಲ್ಯಾಣದುರ್ಗಕ್ಕೆ ಹೆಚ್ಚುಕಡಿಮೆ ಅದರ ಎರಡರಷ್ಟು. ಹಾಸಿಗೆ ಹಿಡಿದವರು ಮಾತ್ರೆಗಾಗಿ ಅಷ್ಟು ದೂರ ಹೋಗಲಾರರು. ತರಬೇತಿ ಪಡೆದ ವೈದ್ಯರು, ಬೀಗವಿರುವ ಕಪಾಟು, ಲೆಕ್ಕ ತಪ್ಪದ ದಾಖಲೆ ಪುಸ್ತಕ ಇದ್ದರೆ ಆ ಊರುಗಳ ಆಸ್ಪತ್ರೆಗಳೂ ಮಾನ್ಯತೆ ಪಡೆದು ಇದನ್ನು ಕೊಡಬಹುದು.