ಬೀಸುಕಲ್ಲನ್ನೂ ಬಿಡಲಿಲ್ಲ

‘ಹಲಗಲಿ ಬೇಡರು’ ಲಾವಣಿ ನಮ್ಮಲ್ಲಿ ಬಹಳ ಮಂದಿಗೆ ಹತ್ತನೆಯ ತರಗತಿಯ ಪಾಠವಾಗಿಯೇ ಗೊತ್ತು. ಹನುಮ, ಬಾಲ, ಜಡಗ, ರಾಮ ಎಂದು ನಾಲ್ಕು ಹೆಸರು ಬರೆದರೆ ಅಂಕ ಸಿಗುತ್ತಿತ್ತು. ಸಂಶೋಧನೆಗಾಗಿ ಅದನ್ನು ಮತ್ತೆ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವೀರರಲ್ಲ, ಕೊನೆಗೆ ಬರುವ ಲೂಟಿಯ ಪಟ್ಟಿ.

ಹತಾರ ಒಪ್ಪಿಸಬೇಕೆಂಬ 1857ರ ಕಾಯ್ದೆಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಮಣಿಯಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು.

ಲಾವಣಿಕಾರ ಅಲ್ಲಿಗೆ ನಿಲ್ಲಿಸುವುದಿಲ್ಲ. ಹಾಲು, ಮೊಸರು, ಉಪ್ಪು, ಜೀರಿಗೆ, ಅರಿಶಿನ, ಬೆಲ್ಲ, ಗಂಗಾಳ, ಮಂಗಳಸೂತ್ರ, ಬೀಸುಕಲ್ಲು ಎಂದು ಒಂದೊಂದೇ ಎಣಿಸುತ್ತಾನೆ. ಬೀಸುಕಲ್ಲು ಹೊತ್ತೊಯ್ದು ಸಿಪಾಯಿ ಏನು ಮಾಡಿಯಾನು? ಹತಾರ ಕೇಳಲು ಬಂದವರು ಅಡುಗೆಮನೆಯನ್ನೇ ಬರಿದು ಮಾಡಿದರು. ಊರು ಗುರುತೇ ಸಿಗದಂತೆ ಬೂದಿಯಾಯಿತು ಎಂಬ ಮಾತು ಈ ಪಟ್ಟಿಯ ಜೊತೆ ಬಂದಾಗ ಬರೀ ಅತಿಶಯೋಕ್ತಿಯಾಗಿ ಕೇಳುವುದಿಲ್ಲ.

1944ರಲ್ಲಿ ‘ಜೆನೊಸೈಡ್’ ಎಂಬ ಪದ ಕಟ್ಟಿದ ರಫೇಲ್ ಲೆಮ್ಕಿನ್ ಹೆಣ ಎಣಿಸಿ ಸುಮ್ಮನಾಗಲಿಲ್ಲ. ಒಂದು ಸಮುದಾಯದ ಬದುಕಿನ ಬುನಾದಿಯನ್ನೇ ಕೆಡವುವುದನ್ನೂ ಅದರಲ್ಲಿ ಸೇರಿಸಿದ. ಹಾಗೆಂದು ಹಲಗಲಿಯನ್ನು ನಾನು ನರಮೇಧ ಎನ್ನಲಾರೆ. 1948ರ ವಿಶ್ವಸಂಸ್ಥೆಯ ಒಪ್ಪಂದ ಕೇಳುವುದು ಒಂದು ಜನಾಂಗವನ್ನೇ ಅಳಿಸುವ ಉದ್ದೇಶವನ್ನು. ಇಲ್ಲಿದ್ದದ್ದು ಅಡಗಿಸುವ ಉದ್ದೇಶ. ದೊಡ್ಡ ಪದವನ್ನು ಎಲ್ಲೆಂದರಲ್ಲಿ ಹಚ್ಚಿದರೆ ಅದೂ ಸವೆಯುತ್ತದೆ. ಆದರೆ ಲೆಮ್ಕಿನ್ ಕಲಿಸಿದ ಕಣ್ಣು ಲಾವಣಿ ಓದಲು ಬೇಕು. ಹಲಗಲಿಯಲ್ಲಿ ಕೆಲವರ ತಪ್ಪಿಗೆ ಊರೇ ಬೆಂದಿತು. ಹದಿನಾಲ್ಕು ವರ್ಷಕ್ಕೆ, 1871ರಲ್ಲಿ, ಬಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹುಟ್ಟನ್ನೇ ತಪ್ಪು ಮಾಡಿತು. ಅದು ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇನ್ನೂ ಹೋಗಿಲ್ಲ.

ನಮ್ಮ ಸೀಮೆಗೆ ವೀರರ ಕೊರತೆಯಿಲ್ಲ. ಕಿತ್ತೂರಲ್ಲಿ ಕೋಟೆ, ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ. ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬ ಮ್ಯಾನ್ಸನ್‌ನನ್ನು ಕೊಂದ, ತಾನೂ ಗಲ್ಲಿಗೇರಿದ. ಈ ಕಥೆಗಳನ್ನು ಹೇಳುವುದು ನಮಗೆ ಸಲೀಸು, ನಾಯಕರಿದ್ದಾರಲ್ಲ. ಹಲಗಲಿಯನ್ನೂ ಅದೇ ಅಚ್ಚಿಗೆ ಹಾಕಿ, ನಾಲ್ಕು ಹೆಸರು ಇಟ್ಟುಕೊಂಡು ಜೀರಿಗೆ ಬೆಲ್ಲವನ್ನು ಪದ್ಯದ ಪ್ರಾಸಕ್ಕೆ ಬಿಟ್ಟಿದ್ದೇವೆ.

ಈ ಲಾವಣಿಯನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ ಜೆ.ಎಫ್. ಫ್ಲೀಟ್ ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ. ಆತ ಪಟ್ಟಿಯನ್ನು ಕತ್ತರಿಸಲಿಲ್ಲ. ಆ ಮಂಗಳಸೂತ್ರ ಯಾರ ಕೊರಳಿನದೆಂದು ಮಾತ್ರ ಪಟ್ಟಿಯಲ್ಲಿಲ್ಲ.