ಚಿನ್ನದ ಪಂಜರ: ಒಂದು ವಿಮರ್ಶೆ

ಅನ್ನ ಎದುರಿಗಿದ್ದರೂ ಉಣ್ಣಲೊಲ್ಲದೆ ದೇಹವನ್ನು ಬಾಡಿಸಿಕೊಳ್ಳುವ ಮನೋವ್ಯಾಧಿಯೊಂದುಂಟು. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಅದಕ್ಕೆ ‘ಅನೊರೆಕ್ಸಿಯಾ ನರ್ವೋಸಾ’ ಎಂದು ಹೆಸರಿಟ್ಟರು. ಆ ವ್ಯಾಧಿಯ ಅಂತರಂಗವನ್ನು ಸಾಮಾನ್ಯ ವಾಚಕರ ಮುಂದಿಟ್ಟ ಕೃತಿ ಹಿಲ್ಡೆ ಬ್ರುಕ್ ಅವರ ‘ದಿ ಗೋಲ್ಡನ್ ಕೇಜ್’ (1978), ಎಂದರೆ ‘ಚಿನ್ನದ ಪಂಜರ’. ಜರ್ಮನಿಯಲ್ಲಿ ಜನಿಸಿ ಅಮೆರಿಕೆಗೆ ವಲಸೆ ಹೋದ ಈ ಮನೋವೈದ್ಯೆ ಹ್ಯೂಸ್ಟನ್ ನಗರದಲ್ಲಿ ಬಹುಕಾಲ ಸೇವೆ ಸಲ್ಲಿಸಿ 1984ರಲ್ಲಿ ತೀರಿಕೊಂಡರು.

ಗ್ರಂಥದ ಹಿರಿಮೆ ರೋಗಿಯ ಮಾತನ್ನು ಕಿವಿಗೊಟ್ಟು ಕೇಳಿದುದರಲ್ಲಿದೆ. 1962ರಷ್ಟು ಹಿಂದೆಯೇ ಬ್ರುಕ್ ಮೂರು ಲಕ್ಷಣಗಳನ್ನು ಗುರುತಿಸಿದ್ದರು: ಎಲುಬು ಕಾಣುತ್ತಿದ್ದರೂ ತಾನು ದಪ್ಪಗಿದ್ದೇನೆಂಬ ನಂಬಿಕೆ, ಹಸಿವು ಮೊದಲಾದ ಒಳಸೂಚನೆಗಳನ್ನು ಅರಿಯಲಾರದಿರುವುದು, ತನ್ನಿಂದ ಏನೂ ಸಾಗದೆಂಬ ಕುಗ್ಗು. ಆದುದರಿಂದ ಈ ಉಪವಾಸವು ಬರಿಯ ಸೌಂದರ್ಯದ ಹಂಬಲವಲ್ಲ. ಎಲ್ಲರ ಮಾತಿಗೂ ತಲೆಬಾಗಿ ಬೆಳೆದ ಮಗುವಿಗೆ ತನ್ನ ಆಳ್ವಿಕೆಗೆ ಉಳಿದಿರುವುದು ತನ್ನ ದೇಹವೊಂದೇ. ಈ ಮಾತು ಅಧ್ಯಾಪಕರನ್ನು ತಟ್ಟಬೇಕು. ಎಂದೂ ಎದುರಾಡದ ಮಗುವನ್ನೇ ಅಲ್ಲವೆ ನಾವು ತರಗತಿಯಲ್ಲಿ ಮಾದರಿಯೆಂದು ತೋರಿಸುವುದು!

ಆದರೆ ಗ್ರಂಥದಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು ಹೆಸರಿನಲ್ಲಿಯೇ ಇದೆ. ಬ್ರುಕ್ ಅವರು ಕಂಡವರು ಹೆಚ್ಚಾಗಿ ಅನುಕೂಲಸ್ಥ ಮನೆಗಳ ಹೆಣ್ಣುಮಕ್ಕಳು. ವೈದ್ಯರ ಬಾಗಿಲಿಗೆ ಬರಬಲ್ಲವರನ್ನು ನೋಡಿ, ರೋಗವೇ ಸಿರಿವಂತರದೆಂದು ಬಗೆದರೆ ಉಳಿದವರು ಕಣ್ಣಿಗೆ ಬೀಳುವುದಿಲ್ಲ. ಬಡವರ ಮಗು ಉಣ್ಣದಿದ್ದರೆ ಬಡತನವೆನ್ನುತ್ತೇವೆ, ಹುಡುಗನಾದರೆ ಹಟವೆನ್ನುತ್ತೇವೆ. 2013ರ ಅಮೆರಿಕದ ಮನೋವೈದ್ಯರ ಕೈಪಿಡಿಯು ಮುಟ್ಟು ನಿಂತಿರಬೇಕೆಂಬ ಹಳೆಯ ನಿಯಮವನ್ನು ಕೈಬಿಟ್ಟಿತು. ತೂಕ ಬಹಳ ಇಳಿದರೂ ಮೇಲುನೋಟಕ್ಕೆ ಬಡಕಲಾಗಿ ಕಾಣದವರಲ್ಲಿಯೂ ಈ ಬಗೆಯ ವ್ಯಾಧಿ ಇರಬಹುದೆಂದು ಒಪ್ಪಿತು.

ಎರಡನೆಯದು, ತಾಯಿಯ ಮೇಲೆ ಹೊರಿಸಿದ ಭಾರ. ಮಗಳನ್ನು ತನ್ನ ಇಚ್ಛೆಯಂತೆ ರೂಪಿಸಿದ ತಾಯಿಯ ಚಿತ್ರ ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತದೆ. ಅಪರಾಧಿಯೆನಿಸಿಕೊಂಡ ತಾಯಿ ಚಿಕಿತ್ಸೆಗೆ ಮುಂದಾಗುವುದು ಹೇಗೆ? ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ತಜ್ಞರು ಈ ದೃಷ್ಟಿಯನ್ನು ತಿರುಗಿಸಿದರು. ರೋಗ ಹಳೆಯದಾಗದ ಎಳೆಯರಿಗೆ, ತಂದೆತಾಯಿಗಳನ್ನು ಜೊತೆಗೂಡಿಸಿಕೊಂಡ ಚಿಕಿತ್ಸೆಯೇ ಹೆಚ್ಚು ಫಲಕಾರಿಯೆಂದು 1987ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಮಗುವಿಗೆ ಉಣಿಸುವ ಹೊಣೆ ಮನೆಯವರದಾಯಿತು. ದೂಷಣೆ ಹಿಂದೆ ಸರಿಯಿತು.

ಚಿಕಿತ್ಸೆ ಎಲ್ಲರಿಗೂ ದೊರೆಯಬೇಕಾದರೆ ಮೊದಲು ರೋಗವನ್ನು ಯಾರಾದರೂ ಗುರುತಿಸಬೇಕು. ಆ ಕೆಲಸ ಶಾಲೆಯಲ್ಲಿ ಆರಂಭವಾಗಬಹುದು. ಬುತ್ತಿಯನ್ನು ದಿನವೂ ಪರರಿಗೆ ಹಂಚಿಬಿಡುವ, ಊಟದ ಹೊತ್ತಿಗೆ ಮರೆಯಾಗುವ ಮಗುವನ್ನು ಗಮನಿಸೋಣ. ಮಕ್ಕಳ ತೂಕವನ್ನು ತರಗತಿಯಲ್ಲಿ ಕೂಗಿ ಹೇಳುವುದನ್ನೂ ‘ಡುಮ್ಮ’, ‘ಕಡ್ಡಿ’ ಎಂಬ ಅಡ್ಡಹೆಸರುಗಳನ್ನೂ ನಿಲ್ಲಿಸೋಣ. ಮಾನಸಿಕ ಚಿಕಿತ್ಸೆಯು ಪ್ರಜೆಯ ಹಕ್ಕೆಂದು 2017ರ ಕಾಯಿದೆ ಹೇಳಿದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿಯಲ್ಲಿ (14416) ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ. ಗಡಿಯಾಚೆಯ ನಮ್ಮ ತಾಯಂದಿರಿಗೆ ಇದನ್ನು ತಿಳಿಸಬೇಕು.

ಕೊರತೆಗಳಿದ್ದರೂ ಇದು ಓದಲೇಬೇಕಾದ ಗ್ರಂಥ. ಅಧ್ಯಾಪಕ ಬಂಧುಗಳು ಅದರಿಂದ ಮಗುವಿನ ಮನಸ್ಸನ್ನು ಅರಿಯಲಿ. ಪಂಜರವು ಚಿನ್ನದ್ದೇ ಆಗಿರಬೇಕಿಲ್ಲವೆಂಬುದನ್ನೂ ನೆನಪಿನಲ್ಲಿಡಲಿ.