ಊಟದ ಮೇಜಿನ ಅಳತೆಗೋಲು ಮತ್ತು ಗಡಿನಾಡಿನ ಕೂಟ

ಆನ್‌ಲೈನ್ ಒಡನಾಟವು ಮುಖಾಮುಖಿ ಸಂಬಂಧಗಳನ್ನು ಸವೆಸುತ್ತದೆ ಎಂಬ ಆತಂಕಕ್ಕೆ ವ್ಯವಸ್ಥಿತ ರೂಪ ಕೊಟ್ಟವರಲ್ಲಿ ಎಂಐಟಿಯ ಶೆರ್ರಿ ಟರ್ಕಲ್ ಪ್ರಮುಖರು. ‘ಅಲೋನ್ ಟುಗೆದರ್’ (2011) ಕೃತಿಯಲ್ಲಿ ಅವರು ಒಟ್ಟಿಗಿದ್ದೂ ಒಂಟಿಯಾಗುವ ಸ್ಥಿತಿಯನ್ನು ಗುರುತಿಸಿದರು. ‘ರಿಕ್ಲೇಮಿಂಗ್ ಕಾನ್ವರ್ಸೇಶನ್’ (2015) ಅದರ ಪರಿಹಾರವನ್ನು ಮಾತುಕತೆಯಲ್ಲಿಯೇ ಹುಡುಕಿತು. ಎರಡನೆಯ ಕೃತಿಯ ಬಂಧ ಸೊಗಸಾದುದು. ಥೋರೋ ತನ್ನ ಗುಡಿಸಲಿನಲ್ಲಿ ಇರಿಸಿಕೊಂಡಿದ್ದ ಮೂರು ಕುರ್ಚಿಗಳನ್ನು ರೂಪಕವಾಗಿಸಿಕೊಂಡು ಏಕಾಂತ, ಸ್ನೇಹ, ಸಮಾಜ ಎಂಬ ಕ್ರಮದಲ್ಲಿ ಅದು ಬೆಳೆಯುತ್ತದೆ. ಆದರೂ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಕುರ್ಚಿಗಳಲ್ಲ, ಊಟದ ಮೇಜು. ಮಾತಿನ ಮೊದಲ ಶಾಲೆ ಮನೆ. ಅಲ್ಲಿ ಕಲಿತದ್ದೇ ಮುಂದೆ ತರಗತಿಗೂ ಕಚೇರಿಗೂ ನಾಗರಿಕ ಬದುಕಿಗೂ ಹರಿಯುತ್ತದೆ ಎಂಬುದು ಟರ್ಕಲ್ ಅವರ ವಾದದ ಅಡಿಗಲ್ಲು.

ಈ ವಾದವನ್ನು ಅಂಕಿಅಂಶಗಳ ಬಲದಿಂದ ನಿಲ್ಲಿಸುವ ಯತ್ನಗಳು ಅಷ್ಟಾಗಿ ಫಲಿಸಿಲ್ಲ. ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು 1998ರಲ್ಲಿ ಪಿಟ್ಸ್‌ಬರ್ಗಿನ 73 ಕುಟುಂಬಗಳ 169 ಮಂದಿಯನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಅಂತರ್ಜಾಲದ ಬಳಕೆ ಹೆಚ್ಚಿದಂತೆ ಮನೆಯವರೊಂದಿಗಿನ ಮಾತು ಕಡಿಮೆಯಾಗಿ ಒಂಟಿತನ ಹೆಚ್ಚಿದುದು ಕಂಡಿತ್ತು. ಅದೇ ತಂಡ 2002ರಲ್ಲಿ ಅದೇ ಜನರನ್ನು ಮತ್ತೆ ನೋಡಿದಾಗ ಕೆಟ್ಟ ಪರಿಣಾಮಗಳು ಬಹುಮಟ್ಟಿಗೆ ಕರಗಿಹೋಗಿದ್ದವು; ಹೊಸ ಗುಂಪಿನಲ್ಲಿ ಒಟ್ಟಾರೆ ಒಳಿತೇ ಕಂಡಿತು, ಅದರಲ್ಲಿಯೂ ಮೊದಲೇ ಬೆರೆಯುವ ಸ್ವಭಾವದವರಿಗೆ. ಸಾರಾ ಕೊನ್ರಾತ್ ಮತ್ತಿತರರು 2011ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಸಹಾನುಭೂತಿ ಮೂರು ದಶಕಗಳಲ್ಲಿ ಸುಮಾರು ಶೇ. 40ರಷ್ಟು ಇಳಿದಿದೆ ಎಂದಾಗ ಟರ್ಕಲ್ ಅದನ್ನು ತಮ್ಮ ವಾದಕ್ಕೆ ಆಧಾರವಾಗಿ ಬಳಸಿಕೊಂಡರು. ಮುಂದಿನ ವರ್ಷಗಳ ದತ್ತಾಂಶ ಸೇರಿದಾಗ 2008ರ ಬಳಿಕ ಗೆರೆ ಮೇಲೇರಿದುದನ್ನು ಕೊನ್ರಾತ್ ಅವರೇ ತೋರಿಸಿದ್ದಾರೆ. ಸ್ಮಾರ್ಟ್‌ಫೋನ್ ಎಲ್ಲರ ಕೈಗೆ ಬಂದ ವರ್ಷಗಳೂ ಅವೇ. ಕ್ಯಾಲಿಫೋರ್ನಿಯಾದ 51 ಮಕ್ಕಳು ಪರದೆಗಳಿಲ್ಲದ ಶಿಬಿರದಲ್ಲಿ ಐದು ದಿನ ಕಳೆದ ಮೇಲೆ ಇತರರ ಮುಖಭಾವವನ್ನು ಹೆಚ್ಚು ಚೆನ್ನಾಗಿ ಗುರುತಿಸಿದರೆಂಬ 2014ರ ಪ್ರಯೋಗವೂ ಪ್ರಸಿದ್ಧ. ಆದರೆ ಅಲ್ಲಿ ಫಲ ಕೊಟ್ಟದ್ದು ಪರದೆಯ ಅಭಾವವೋ ಗೆಳೆಯರ ಸತತ ಸಾನ್ನಿಧ್ಯವೋ ಎಂದು ಬೇರ್ಪಡಿಸುವ ದಾರಿಯಿಲ್ಲ.

ಇದಕ್ಕೆ ಎದುರು ನಿಲ್ಲುವುದು ಡೇನಿಯಲ್ ಮಿಲ್ಲರ್ ನೇತೃತ್ವದ ‘ವೈ ವಿ ಪೋಸ್ಟ್’ ಯೋಜನೆಯ ಮಾನವಶಾಸ್ತ್ರೀಯ ದೃಷ್ಟಿ. ಒಂಬತ್ತು ಸಂಶೋಧಕರು ಒಂಬತ್ತು ಊರುಗಳಲ್ಲಿ ಹದಿನೈದು ತಿಂಗಳು ನೆಲೆಸಿ ಬರೆದ ಈ ಮಾಲೆಯಲ್ಲಿ ಶ್ರೀರಾಮ್ ವೆಂಕಟರಾಮನ್ ಅವರ ‘ಸೋಶಿಯಲ್ ಮೀಡಿಯಾ ಇನ್ ಸೌತ್ ಇಂಡಿಯಾ’ (2017) ನಮ್ಮ ಭಾಗದ ಓದುಗರಿಗೆ ಹತ್ತಿರದ ಕೃತಿ. ಚೆನ್ನೈ ಬಳಿ ಹಳ್ಳಿಗಳೂ ಐಟಿ ಕಚೇರಿಗಳೂ ಒತ್ತೊತ್ತಾಗಿರುವ ಪ್ರದೇಶವೊಂದನ್ನು ‘ಪಂಚಗ್ರಾಮಿ’ ಎಂಬ ಕಲ್ಪಿತ ಹೆಸರಿನಲ್ಲಿ ಅದು ವರ್ಣಿಸುತ್ತದೆ. ರಕ್ತಸಂಬಂಧ, ಜಾತಿ, ವರ್ಗ, ವಯಸ್ಸು ಇವೆಲ್ಲ ಬೀದಿಯಲ್ಲಿ ಇದ್ದಂತೆಯೇ ಫೋನಿನೊಳಗೂ ಮುಂದುವರಿಯುತ್ತವೆ ಎಂಬುದು ಅದರ ನಿಲುವು. ಟರ್ಕಲ್ ಅವರ ಶೋಕಗೀತೆಗಿಂತ ಇದು ಎಷ್ಟೋ ನಂಬಲರ್ಹ. ಆದರೆ ಎಲ್ಲವೂ ಮುಂದುವರಿಯುತ್ತದೆ ಎನ್ನುವ ನೋಟಕ್ಕೆ ಕಳೆದುಹೋಗುವುದು ಬೇಗ ಕಾಣಿಸುವುದಿಲ್ಲ. ಮಿಗಿಲಾಗಿ, ಟರ್ಕಲ್ ಅವರ ಅಳತೆಗೋಲು ಒಂದನ್ನು ಮೊದಲೇ ಒಪ್ಪಿಕೊಂಡುಬಿಡುತ್ತದೆ: ಮನೆಯ ಮಾತು, ಮೇಜಿನ ಮಾತು, ಸಭೆಯ ಮಾತು ಒಂದೇ ಭಾಷೆಯ ಮಾತು.

ಕಾಸರಗೋಡಿನಲ್ಲಿ ಈ ಒಪ್ಪಿಗೆ ನಿಲ್ಲುವುದಿಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡಿಗರೆಂದು ಗುರುತಿಸಿಕೊಳ್ಳುವ ಅನೇಕರ ಮನೆಮಾತು ತುಳು, ಕೊಂಕಣಿ, ಮರಾಠಿ, ಕರಾಡ ಅಥವಾ ಹವ್ಯಕ ಕನ್ನಡ. ಗ್ರಾಂಥಿಕ ಕನ್ನಡವನ್ನು ಮಗು ಊಟದ ಹೊತ್ತಿನಲ್ಲಿ ಕಲಿಯುವುದಿಲ್ಲ. ಶಾಲೆ, ಗ್ರಂಥಾಲಯ, ಭಜನಾ ಮಂದಿರ, ದೇವಸ್ಥಾನದ ಸಭಾಕಾರ್ಯಕ್ರಮ, ಯಕ್ಷಗಾನದ ಚಪ್ಪರ, ಇಂತಹ ಕೂಟಗಳಲ್ಲಿ ಅದು ದಕ್ಕುತ್ತದೆ. ಹಾಗಾಗಿ ಇಲ್ಲಿ ಮನೆಯೊಳಗೆ ಮೊಬೈಲು ತರುವ ಮೌನ ಕನ್ನಡವನ್ನು ನೇರವಾಗಿ ತಟ್ಟದೆ ಹೋಗಬಹುದು. ಕೂಟ ತೆಳುವಾದರೆ ಮಾತ್ರ ತಟ್ಟದೆ ಇರದು.

ಕೂಟದ ಕನ್ನಡ ಎಂತಹ ಕೌಶಲವನ್ನು ಬೇಡುತ್ತದೆ ಎಂಬುದಕ್ಕೆ ತಾಳಮದ್ದಳೆಗಿಂತ ಮಿಗಿಲಾದ ನಿದರ್ಶನ ಬೇಕಿಲ್ಲ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ, ಲಿಖಿತ ಸಂಭಾಷಣೆಯೂ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ; ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಅಲ್ಲಿಯೇ ಮಾತನ್ನು ಕಟ್ಟುತ್ತಾರೆ. ಎದುರಾಳಿಯ ವಾಕ್ಯ ಎಲ್ಲಿ ತಿರುಗಿತು, ಸಭೆ ಎಲ್ಲಿ ನಕ್ಕಿತು, ಭಾಗವತರು ಯಾವಾಗ ಪದ ಎತ್ತಿಕೊಳ್ಳುವರು ಎಂಬ ಎಚ್ಚರದಲ್ಲಿಯೇ ಉತ್ತರ ಹುಟ್ಟಬೇಕು. ಕುಂಬಳೆ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಪ್ರತಿಭೆಯ ಬಹುಪಾಲು ಈ ಕೇಳುವ ಶಕ್ತಿಯೇ. ಸಮಾಜಶಾಸ್ತ್ರಜ್ಞರು ‘ಸಾಮಾಜಿಕ ಕೌಶಲ’ ಎನ್ನುವ ಸಪ್ಪೆ ಪದದ ಹಿಂದಿರುವುದೆಲ್ಲ ಇಲ್ಲಿದೆ: ಸರದಿಯ ಅರಿವು, ಕೆರಳಿದಾಗಲೂ ಮರ್ಯಾದೆ ತಪ್ಪದ ಸಂಬೋಧನೆ, ಸೋಲನ್ನು ಸಭೆಯ ಮುಂದೆ ನುಂಗುವ ಬಗೆ. ತುಳು ಮನೆಮಾತಿನ ಹುಡುಗ ಮುಂದಿನ ಸಾಲಿನಲ್ಲಿ ಕುಳಿತು ಕಲಿತದ್ದು ಪುರಾಣವನ್ನು ಮಾತ್ರವಲ್ಲ, ಕನ್ನಡದಲ್ಲಿ ಮತ್ತೊಬ್ಬನಿಗೆ ಎದುರಾಡುವುದನ್ನು.

ತಾಳಮದ್ದಳೆಯ ಧ್ವನಿಮುದ್ರಿಕೆಗಳು ಈಗ ಯೂಟ್ಯೂಬಿನಲ್ಲಿವೆ. ಪ್ರಯೋಗಗಳು ನೇರ ಪ್ರಸಾರವಾಗುತ್ತವೆ. ಗಲ್ಫ್‌ನಲ್ಲಿ ದುಡಿಯುವವರಿಗೂ ಅವು ತಲುಪುತ್ತವೆ. ಇದು ಸಣ್ಣ ಲಾಭವಲ್ಲ. ನಷ್ಟವಿರುವುದು ಕೇಳುಗನ ಸ್ಥಾನದಲ್ಲಿ. ಪರದೆಯ ಮುಂದಿರುವ ಕೇಳುಗ ಮೆಚ್ಚುಗೆಯ ಹೆಬ್ಬೆರಳು ಕಳುಹಿಸಬಲ್ಲ. ಅವನ ಮೌನ ಅರ್ಥಧಾರಿಗೆ ಕಾಣುವುದಿಲ್ಲ. ಮುಗಿದ ಮೇಲೆ ಚಹಾ ಕುಡಿಯುತ್ತ ಕರ್ಣನ ಪಕ್ಷ ಹಿಡಿದು ಹಿರಿಯರೊಡನೆ ವಾದಿಸುವ ಅವಕಾಶವೂ ಅವನಿಗಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳದು ಬೇರೊಂದು ತೊಡಕು. ಚಪ್ಪರದ ಅಂಚಿನಲ್ಲಿ ಮಲಯಾಳಂ ಮಾತನಾಡುವ ನೆರೆಯವನು ಬಂದು ಕುಳಿತರೆ ಮಾತು ಅರೆಕ್ಷಣದಲ್ಲಿ ಹೊರಳುತ್ತದೆ. ತುಳುವಿನ ‘ಈ’ ಮತ್ತು ‘ಈರ್’ ನಡುವಿನ ಆಯ್ಕೆ ಮುಖ ನೋಡಿಯೇ ಆಗುತ್ತದೆ. ಭಾಷೆಯ ಹೆಸರಿನಲ್ಲಿ ಕಟ್ಟಿದ ಗುಂಪಿನಲ್ಲಿ ಆ ನೆರೆಯವನು ಸದಸ್ಯನೇ ಅಲ್ಲ. ಅಲ್ಲಿ ಕನ್ನಡಾಭಿಮಾನ ಬೆಳೆಯಬಹುದು, ಹೊರಳುವ ಅಭ್ಯಾಸ ಬೆಳೆಯದು. ಗಡಿನಾಡಿನಲ್ಲಿ ಆ ಅಭ್ಯಾಸವೇ ನೆರೆಹೊರೆಯನ್ನು ಹಿಡಿದಿಟ್ಟಿದೆ.

ಇದನ್ನೇ ಗಡಿನಾಡುಗಳ ಸಾಮಾನ್ಯ ಸೂತ್ರವೆಂದು ತಿಳಿಯುವುದು ಮತ್ತೊಂದು ತಪ್ಪು ಅಳತೆ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳಲ್ಲಿ ಸ್ಥಿತಿ ಹೆಚ್ಚುಕಡಿಮೆ ತಿರುವುಮುರುವು. ಅಲ್ಲಿ ಕನ್ನಡ ಎಷ್ಟೋ ಮನೆಗಳ ಒಲೆಯ ಮುಂದಿನ ಮಾತು. ಓದುಬರಹ, ಕಚೇರಿ, ಪೇಟೆಯ ಮಾತು ಮರಾಠಿ. ಅಂತಹ ಮನೆಗೆ ಟರ್ಕಲ್ ಅವರ ಊಟದ ಮೇಜಿನ ಆತಂಕ, ಮೇಜಿಲ್ಲದಿದ್ದರೂ, ಅಕ್ಷರಶಃ ಒಪ್ಪುತ್ತದೆ. ಅಜ್ಜಿಯೊಡನೆ ಮಾತು ನಿಂತರೆ ಕನ್ನಡ ನಿಂತಂತೆ, ಏಕೆಂದರೆ ಅದನ್ನು ಹಿಡಿದಿಡುವ ಲಿಪಿ ಮೊಮ್ಮಗನ ಕೈಯಲ್ಲಿಲ್ಲ. ವಿಚಿತ್ರವೆಂದರೆ ಆಸರೆಯೂ ಫೋನಿನಿಂದಲೇ ಬರಬಲ್ಲುದು: ಮರಾಠಿ ಶಾಲೆಯಲ್ಲಿ ಓದಿ ಪುಣೆಗೆ ಹೋದ ಹುಡುಗ ಬರೆಯಲಾರದ ಕನ್ನಡವನ್ನು ಧ್ವನಿಸಂದೇಶದಲ್ಲಿ ಆಡಬಲ್ಲ, ಓದಲಾರದ ಅಜ್ಜಿ ಅದನ್ನು ಕೇಳಬಲ್ಲಳು. ಕ್ರೌಟ್ ಮಾದರಿಯ ಪ್ರಶ್ನಾವಳಿ ಇಬ್ಬರನ್ನೂ ದಿನಕ್ಕೆ ಎಷ್ಟು ಗಂಟೆ ಎಂದು ಕೇಳುತ್ತದೆ. ಯಾವ ಭಾಷೆಯಲ್ಲಿ, ಯಾರ ಎದುರಿಗೆ ಎಂಬ ಕಾಲಂ ಅದರಲ್ಲಿಲ್ಲ.